ಹತ್ತನೆಯ ಬಾಣ

ಕೊನೆಯ ಬಾಣಕ್ಕೆ ಮೂರನೆಯ ಗರಿ ಕಟ್ಟುವಾಗ ಅಕ್ಕು ಗಂಡನನ್ನು ಏನೂ ಕೇಳಲಿಲ್ಲ. ಕೇಳಲಿಲ್ಲವೆನ್ನುವುದು ಅವಳಿಗೆ ಹೊಳೆದದ್ದು ನೂಲಿನ ತುದಿಯನ್ನು ಸುತ್ತಿನ ಅಡಿಗೆ ನುಗ್ಗಿಸಿ ಎಳೆದು, ಬಾಣವನ್ನು ಕಣ್ಣಿನ ನೇರಕ್ಕೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ, ಉಳಿದ ಎಂಟರ ಜೊತೆ ಗೋಡೆಗೆ ಒರಗಿಸಿದ ಮೇಲೆ. ಜಗಲಿಯ ಆಚೆ ತುದಿಯಲ್ಲಿ ಉಗ್ಗಪ್ಪ ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ತೊಡೆಯ ಅಡಿಗೆ ಸೇರಿಸಿ ಕೂತಿದ್ದ. ಈಚೆಗೆ ಅವನು ಕೂರುವುದೇ ಹಾಗೆ. ಹೊರಗೆ ಬಿಟ್ಟರೆ ಅವು ತಮ್ಮ ಪಾಡಿಗೆ ನಡುಗುತ್ತವೆ, ಬಂದವರು ನೋಡಿಯೂ ನೋಡದ ಹಾಗೆ ಮಾಡುತ್ತಾರೆ, ಅದನ್ನು ಅವನು ಸಹಿಸಲಾರ. ಅವನ ಬಾಯಿ ಸ್ವಲ್ಪ ತೆರೆದಿತ್ತು. 'ಒಂಟಿ ಗರಿ ಹೊರಗೆ ಬರ್ಲಿ' ಎಂದು ಹೇಳಲು ತೆರೆದ ಬಾಯಿ ಅದು. ನಾಲ್ಕು ತಿಂಗಳಿಂದ ಪ್ರತಿ ಬಾಣಕ್ಕೂ ಹೇಳಿದ ಮಾತು. ಮೂರು ಗರಿಗಳಲ್ಲಿ ಒಂದು ಬಿಲ್ಲಿಗೆ ಉಜ್ಜದ ಹಾಗೆ ಹೊರಮುಖವಾಗಿ ನಿಲ್ಲಬೇಕು, ಅದು ಒಂಟಿ ಗರಿ. ಅದು ಹೊರಗೇ ನಿಂತಿತ್ತು. ಅವನ ಬಾಯಿ ಮೆಲ್ಲಗೆ ಮುಚ್ಚಿತು. ಅಯ್ಯೋ, ಸುಮ್ಮನೆ ಒಂದು ಮಾತು ಕೇಳಬಹುದಿತ್ತು, ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಅಕ್ಕುವಿಗೆ ಅನಿಸಿತು. ಈಗ ಕೇಳಿದರೆ ಅದು ಕೇಳಿದ ಹಾಗಾಗುವುದಿಲ್ಲ, ಭಿಕ್ಷೆ ಹಾಕಿದ ಹಾಗಾಗುತ್ತದೆ. ಅವಳು ಮಡಿಲಿಗೆ ಬಿದ್ದಿದ್ದ ಗರಿಯ ಚೂರುಗಳನ್ನು ಕೊಡವಿ ಎದ್ದಳು.

ನಾಳೆ ಕೆಡ್ಡಸ. ನಾಳೆಯಿಂದ ಮೂರು ದಿನ ಭೂಮಿತಾಯಿ ಮುಟ್ಟಾಗಿ ಒರಗುತ್ತಾಳೆ. ನೆಲಕ್ಕೆ ಹಾರೆ ತಾಗಿಸುವ ಹಾಗಿಲ್ಲ, ಹಸುರಿಗೆ ಕತ್ತಿ ಹಾಕುವ ಹಾಗಿಲ್ಲ, ಊರಿನ ಗಂಡಸರು ಗುಂಪು ಕಟ್ಟಿಕೊಂಡು ಗುಡ್ಡೆಗೆ ಬೇಟೆಗೆ ಹೋಗುತ್ತಾರೆ. ಊರಿನ ಯಜಮಾನಿಕೆಯ ಗುತ್ತಿನ ಮನೆಯ ಪುರಂದರನ ಹತ್ತಿರ ಕೋವಿ ಉಂಟು, ಲೈಸೆನ್ಸೂ ಉಂಟು. ಆದರೆ ಮಹಾಯುದ್ಧ ಮುಗಿದು ವರ್ಷ ದಾಟಿದರೂ ಮದ್ದು ಸಿಗುವುದಿಲ್ಲ. ಸಿಕ್ಕಿದರೂ ಕೆಡ್ಡಸದ ಬೇಟೆಗೆ ಮೊದಲು ಹೊರಡಬೇಕಾದದ್ದು ಈ ಮನೆಯ ಬಾಣ. ಒಟ್ಟು ಒಂಬತ್ತು. ಎಂಟು ಬಿಲ್ಲಿಗೆ, ಒಂದು ದೈವದ ಕಲ್ಲಿನ ಮುಂದೆ ಇಡಲಿಕ್ಕೆ. ದೈವಕ್ಕೆ ಇಟ್ಟದ್ದನ್ನು ಯಾರೂ ಹೆದೆಗೆ ತಾಗಿಸುವುದಿಲ್ಲ, ಅದು ಅಲ್ಲೇ ಬಿಸಿಲಿಗೆ ಒಣಗಿ ಮಳೆಗೆ ನೆನೆದು ಗೆದ್ದಲಿಗೆ ಹೋಗುತ್ತದೆ. ಆ ಒಂದನ್ನು ಆರಿಸಿ ಕೊಡುವುದು ಕಟ್ಟಿದವನ ಹಕ್ಕು. ಕೊಡುವಾಗ ಒಂದು ಮಾತು ಹೇಳಲಿಕ್ಕುಂಟು: 'ಈ ಕೈಯಲ್ಲಿ ಆದದ್ದು, ಒಪ್ಪಿಸಿಕೊಳ್ಳಬೇಕು.' ಉಗ್ಗಪ್ಪನ ಸೋದರಮಾವ ಹಾಗೆ ಹೇಳಿ ಕೊಡುತ್ತಿದ್ದರು. ಅವರು ಹೋದ ಮೇಲೆ ಮೂವತ್ತೊಂದು ಕೆಡ್ಡಸಕ್ಕೆ ಉಗ್ಗಪ್ಪ ಹೇಳಿದ್ದಾನೆ. ಅವನ ನಂತರ ಹೇಳಬೇಕಾದ ಸೋದರಳಿಯ ಬೊಂಬಾಯಿಯ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದಾನೆ. ಈ ವರ್ಷ ಒಂಬತ್ತನ್ನೂ ಕಟ್ಟಿದ್ದು ಅಕ್ಕು. ಊರಿಗೆ ಅದು ಗೊತ್ತಿಲ್ಲ, ಗೊತ್ತಾಗಲೂ ಕೂಡದು.

ಹೋದ ವರ್ಷವನ್ನು ನೆನೆದರೆ ಅವಳ ಕಿವಿ ಈಗಲೂ ಬಿಸಿಯಾಗುತ್ತದೆ. ಬೇಟೆಯ ಕಡೆಯ ದಿನ ಸಂಜೆ ಪುರಂದರ ನಾಲ್ಕು ಬಾಣಗಳನ್ನು ಅಡಿಕೆ ಹಾಳೆಯಲ್ಲಿ ಸುತ್ತಿಕೊಂಡು ತಾನಾಗಿ ಬಂದಿದ್ದ. ಗುತ್ತಿನ ಯಜಮಾನ, ಹೇಳಿ ಕಳಿಸಿದರೆ ಸಾಕಿತ್ತು, ಆದರೂ ಬಂದಿದ್ದ. ಆ ಮರ್ಯಾದೆಯೇ ಮೊದಲ ಪೆಟ್ಟು. "ಎಂತದೋ ಉಗ್ಗಪ್ಪಣ್ಣ, ಒಂದು ನಾಲ್ಕು ಬಿಚ್ಚಿ ಹೋಯ್ತು. ತೇವ ತಾಗಿದ್ದಿರಬೇಕು" ಎಂದ. ಮಾಘದ ಬಿಸಿಲಿನಲ್ಲಿ ಎಲ್ಲಿಯ ತೇವ! ಗರಿ ಕಿತ್ತುಹೋದ ಬಾಣವೊಂದು ಗಾಳಿಯಲ್ಲೇ ತಿರುಗಿ ಅವನದೇ ನಾಯಿಯ ತೊಡೆಗೆ ಹೊಕ್ಕಿದ್ದನ್ನು ಅವನು ಹೇಳಲಿಲ್ಲ. ಮಾರನೆಯ ದಿನ ಬಾವಿಕಟ್ಟೆಯಲ್ಲಿ ಹೆಂಗಸರು ಹೇಳಿದರು, ಸೆರಗಿನಲ್ಲಿ ನಗು ಕಟ್ಟಿಕೊಂಡು. ಹೊರಡುವ ಮೊದಲು ಪುರಂದರ ಅಂಗಳದಲ್ಲಿ ನಿಂತು, "ಬರುವ ವರ್ಷ ಬೇಕಾದ್ರೆ ಎಣ್ಮಕಜೆ ಕಡೆಯವರಿಂದ ತರಿಸುವ. ಈ ಪ್ರಾಯದಲ್ಲಿ ನಿಮಗೆ ಯಾಕೆ ಸುಮ್ಮನೆ ಕಷ್ಟ?" ಎಂದಿದ್ದ. "ಬೇಡ, ನಾನೇ ಕಟ್ತೇನೆ" ಎಂದಿದ್ದ ಉಗ್ಗಪ್ಪ, ಕೈಗಳನ್ನು ಹೆಗಲ ಬೈರಾಸಿನಲ್ಲಿ ಮುಚ್ಚಿಕೊಂಡು. ಆ ದಿನ ಅವನು ಊಟ ಮಾಡಲಿಲ್ಲ. ನಾಲ್ಕೂ ಬಾಣಗಳನ್ನು ಅಟ್ಟಕ್ಕೆ ಎಸೆದ. ಎಸೆಯುವುದನ್ನು ಒಳಗಿನಿಂದ ನೋಡುತ್ತಿದ್ದ ಅಕ್ಕುವಿಗೆ ಪುರಂದರನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಗಂಡನ ಆ ಹತ್ತು ಬೆರಳುಗಳ ಮೇಲೆ ಬಂತು. ಅದಕ್ಕೆ ಆಮೇಲೆ ತುಂಬ ನಾಚಿಕೊಂಡಳು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ಗಂಜಿ ಬಡಿಸುತ್ತ, ಅವನ ಮುಖ ನೋಡದೆ, "ನನಗೆ ಕಲ್ಸಿ" ಎಂದಳು.

ಮೊದಲು ಅವನು ನಕ್ಕ. ಆಮೇಲೆ ಏನೋ ಲೆಕ್ಕ ಹಾಕಿದ. "ನಿನ್ನದು ನಿಂತು ಮೂರು ವರ್ಷ ಆಯ್ತಲ್ಲ. ಹಾಗಾದ್ರೆ ಮುಟ್ಟಿದ್ರೆ ದೋಷ ಇಲ್ಲ" ಎಂದ. ಅವನು ಅವಳಿಗೆ ಹೇಳಿದ್ದಲ್ಲ, ತನಗೆ ತಾನೇ ಒಪ್ಪಿಗೆ ಕೊಟ್ಟುಕೊಂಡದ್ದು. ಆದರೂ ಅಕ್ಕುವಿಗೆ ಅದು ಚುಚ್ಚಿತು. ಇಪ್ಪತ್ತೆಂಟು ವರ್ಷ ಈ ಮನೆಯಲ್ಲಿ ಬಾಣದ ಬುಟ್ಟಿಯನ್ನು ದಾಟದೆ ಬಳಸಿ ನಡೆದವಳು, ಈಗ ಬತ್ತಿದ ಮೇಲೆ ಮುಟ್ಟಬಹುದು. ಇರಲಿ. ಜಗಲಿಗೆ ಬಿದಿರ ತಟ್ಟಿಯ ಮರೆ ಕಟ್ಟಿ ಪಾಠ ಶುರುವಾಯಿತು. ಯಾರಾದರೂ ಅಂಗಳಕ್ಕೆ ಬಂದರೆ ಅವಳು ಕಟ್ಟುತ್ತಿದ್ದದ್ದನ್ನು ಅವನ ಮುಂದೆ ತಳ್ಳಿ ಅಕ್ಕಿ ಆರಿಸುವ ಗೆರಸೆ ಎಳೆದುಕೊಳ್ಳಬೇಕು. ಅದನ್ನೂ ಅಭ್ಯಾಸ ಮಾಡಿದರು. ಓಟೆ ಬಿದಿರಿನ ಕೋಲನ್ನು ಕೆಂಡದ ಮೇಲೆ ಹಿಡಿದು ಡೊಂಕು ತಿದ್ದುವುದು ಬೇಗ ಬಂತು. ಗರಿ ಬರಲಿಲ್ಲ. ಹದ್ದಿನ ರೆಕ್ಕೆಯ ಗರಿಯನ್ನು ನಡುದಂಟಿನ ಉದ್ದಕ್ಕೆ ಸೀಳಿ, ಹೆರೆದು, ನಾಲ್ಕು ಬೆರಳಿನಷ್ಟು ಕತ್ತರಿಸಿ, ಹಲಸಿನ ಮೇಣ ಕಾಯಿಸಿ ಅಂಟಿಸಿ, ಎಳೆಗಳ ನಡುವೆ ನೂಲು ಹಾಯಿಸಿ ಸುತ್ತಬೇಕು. ಅವಳು ಸುತ್ತಿದರೆ ಎಳೆಗಳು ಮುದುಡಿ, ಗರಿ ಮಳೆಗೆ ನೆನೆದ ಹೇಂಟೆಯ ಹಾಗೆ ಕಾಣುತ್ತಿತ್ತು. "ಮೇಣ ಅಷ್ಟು ಬಿಸಿ ಬೇಡ ಮಾರಾಯ್ತಿ, ನೀನು ಸಾರು ಮಾಡುದಾ?" ಎಂದು ಅವನು ಬೈದರೆ, "ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ, ನಿಮ್ಮ ಮೇಣವೇ ಸರಿ ಇಲ್ಲ" ಎಂದು ಇವಳು. ಎಲ್ಲಕ್ಕಿಂತ ಕಷ್ಟವಾದದ್ದು ಎಡ ಬಲ. ಒಂದು ಬಾಣಕ್ಕೆ ಒಂದೇ ಬದಿಯ ರೆಕ್ಕೆಯ ಗರಿ ಬೇಕು, ಬೆರೆತರೆ ಬಾಣ ಕುಡಿದವನ ಹಾಗೆ ಹೋಗುತ್ತದೆ. ಬುಡವನ್ನು ತನ್ನೆಡೆಗೆ ಹಿಡಿದು ಅದು ಬಾಗಿದ ಬದಿ ನೋಡಬೇಕು ಎಂದು ಅವನು ಹೇಳಿದ್ದೇ ಹೇಳಿದ್ದು. ಅವಳು ಎರಡು ಎಡ ಒಂದು ಬಲ ಕಟ್ಟಿ ಮುಗಿಸಿ, ತಾನೇ ಬಿಲ್ಲು ಹಿಡಿದು ಬೈಹುಲ್ಲಿನ ಮೆದೆಗೆ ಗುರಿಯಿಟ್ಟರೆ, ಬಾಣ ಮೆದೆಯನ್ನೂ ದಾಟಿ, ದಾರಿ ಕೇಳಿಕೊಂಡು ಹೋಗುವವರ ಹಾಗೆ ಅಲ್ಲಿ ಇಲ್ಲಿ ಓಲಾಡಿ, ಬಾಳೆಗಿಡದ ಎಲೆಗೆ ಸಿಕ್ಕಿ ನೇತಾಡಿತು. ಉಗ್ಗಪ್ಪ ಕೆಮ್ಮು ಬರುವವರೆಗೆ ನಕ್ಕ. ಅವಳೂ ನಕ್ಕಳು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಈಗ ಜಗಲಿ ಗುಡಿಸುತ್ತ ಅವಳು ಯೋಚಿಸಿದಳು: ಆ ನಗು ನಿಂತದ್ದು ಯಾವಾಗ? ತಪ್ಪು ಕಡಿಮೆಯಾದ ಹಾಗೆ ಅವನ ಮಾತು ಕಡಿಮೆಯಾಯಿತು. ಐದನೆಯ ಬಾಣದ ಹೊತ್ತಿಗೆ ಅವನು ಬೈಯುವುದು ಬಿಟ್ಟಿದ್ದ. ಏಳನೆಯದನ್ನು ಅವಳು ಕೊಟ್ಟಾಗ ಕೈಗೆ ತೆಗೆದುಕೊಳ್ಳದೆ ದೂರದಿಂದಲೇ "ಹ್ಞೂಂ" ಎಂದ. ಚೆನ್ನಾಗಿ ಕಲಿಯುವುದೂ ಒಂದು ದ್ರೋಹವಾಗುತ್ತದೆಯೆ? ಕಲಿಯದಿದ್ದರೆ ಎಣ್ಮಕಜೆಯವರು ಬರುತ್ತಿದ್ದರು. ಕಲಿತದ್ದಕ್ಕೆ ಇವನು ಒಳಗೊಳಗೇ ಆಚೆ ಸರಿದು ಕೂತಿದ್ದಾನೆ. ಯಾವುದಾದರೂ ಒಂದಕ್ಕೆ ತಾನು ಹೊಣೆಯಾಗಲೇಬೇಕಿತ್ತು ಎಂದು ಅವಳಿಗೆ ರೇಗಿತು.

"ಒಂಬತ್ತೂ ಆಯ್ತಾ?" ಎಂದ ಉಗ್ಗಪ್ಪ.

"ಆಯ್ತು. ಒಮ್ಮೆ ನೋಡಿ."

"ನೋಡ್ಲಿಕ್ಕೆ ಎಂತ ಉಂಟು? ನಿನ್ನ ಕೈ ಕೂತಿದೆ ಈಗ."

"ಕಲ್ಸಿದ್ದು ನೀವೇ ಅಲ್ವಾ?"

ಅವನು ಅಂಗಳ ನೋಡಿ, "ಅಕ್ಕು, ದೈವದ್ದನ್ನು ನಾನೇ ಆರಿಸ್ತೇನೆ. ನೀನು ಬೇರೆ ತೆಗೆದು ಇಡ್ಬೇಡ" ಎಂದ.

"ನಾನ್ಯಾಕೆ ಇಡ್ಲಿ? ಪ್ರತಿ ವರ್ಷ ನೀವೇ ಆರಿಸುದಲ್ವಾ?"

"ಆ ಮಾತು ಹೇಳ್ಬೇಕಲ್ಲ. ಈ ಕೈಯಲ್ಲಿ ಆದದ್ದು ಅಂತ."

"ಹೇಳಿದ್ರೆ ಆಯ್ತಪ್ಪ. ದೈವ ಎದ್ದು ಬಂದು ಯಾರ ಕೈ ಅಂತ ಕೇಳ್ತದಾ?"

ತಮಾಷೆಗೆ ಅಂದದ್ದು. ಅವನು ನಗಲಿಲ್ಲ. ಅವಳಿಗೂ ತನ್ನ ಮಾತಿನ ರುಚಿ ಹಿಡಿಸಲಿಲ್ಲ. ಪಾಪ, ಆರಿಸುವುದಾದರೂ ಉಳಿಯಲಿ ಅವನಿಗೆ ಎಂದುಕೊಂಡು ಮೇಣದ ಗಡಿಗೆಯನ್ನು ತಿಕ್ಕಲು ಹಿತ್ತಿಲಿಗೆ ಹೋದಳು. ಗಡಿಗೆಯ ತಳದಲ್ಲಿ ಮೇಣ ಸುಟ್ಟು ಕರಕಾಗಿ ಹಿಡಿದಿತ್ತು. ಅದು ಹೋದ ಮಂಗಳವಾರದ್ದು. ಆ ದಿನ ಎರಡು ಬಾಣಕ್ಕೆ ಗರಿ ಸಾಲದೆ ಅವಳು ಉಪ್ಪಳದ ಕಡಲ ಬದಿಗೆ ಹೋಗಿದ್ದಳು. ಮೀನು ಒಣಗಿಸುವಲ್ಲಿ ಹದ್ದುಗಳು ಸುತ್ತುತ್ತಿರುತ್ತವೆ, ತೆಂಗಿನ ಬುಡದಲ್ಲಿ ಗರಿ ಉದುರುತ್ತದೆ, ಮರಿಯುಮ್ಮ ಅದನ್ನು ಹೆಕ್ಕಿ ಡಬ್ಬಿಯಲ್ಲಿ ಹಾಕಿಡುತ್ತಾಳೆ. ಅವಳ ಗಂಡ ಮೂಸಬ್ಬನ ಕಾಲದಿಂದ ನಡೆದುಬಂದದ್ದು. ಬದಲಿಗೆ ಇಲ್ಲಿಂದ ಅವಳಿಗೆ ಕುಚ್ಚಲಕ್ಕಿ. ರೈಲುಹಳಿ ದಾಟಿ ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಮರಿಯುಮ್ಮ ಬೂತಾಯಿ ಮೀನನ್ನು ಮಗುಚಿ ಹಾಕುತ್ತ, "ಎಂತ ಅಕ್ಕು, ನೀನೇ ಬಂದದ್ದಾ? ನಿನ್ನ ಯಜಮಾನ ಎಲ್ಲಿ? ಎರಡು ವರ್ಷ ಆಯ್ತು ಮುಖ ನೋಡದೆ" ಎಂದಳು.

"ಅವರಿಗೆ ಪುರುಸೊತ್ತಿಲ್ಲ ಮಾರಾಯ್ತಿ. ಮನೇಲಿ ಬಾಣ ಕಟ್ಲಿಕ್ಕೆ ಕೂತಿದ್ದಾರೆ."

"ಅಲ್ಲಾಹು ಆ ಕೈಗೆ ಬರಕತ್ತು ಕೊಡ್ಲಿ" ಎಂದಳು ಮರಿಯುಮ್ಮ, ಮನಸಾರೆ. ಅಕ್ಕು ತಲೆ ತಗ್ಗಿಸಿ ಡಬ್ಬಿಯಲ್ಲಿ ಎಡ ಬಲ ಆರಿಸುತ್ತಿದ್ದಳು. ಸುಳ್ಳು ಎಷ್ಟು ಸರಾಗವಾಗಿ ಬರುತ್ತದೆ ನನ್ನ ಬಾಯಿಗೆ ಎಂದು ಅನಿಸಿತ್ತು. ಮನೆಗೆ ಬಂದು ನೋಡಿದರೆ ಗಡಿಗೆ ಬಿಸಿ, ಒಲೆಯಲ್ಲಿ ಕೆಂಡ, ಮನೆಯೆಲ್ಲ ಸುಟ್ಟ ಮೇಣದ ನಾತ. "ಯಾರು ಬೆಂಕಿ ಮಾಡಿದ್ದು? ಮನೆ ಸುಡ್ಲಿಕ್ಕೆ ಉಂಟಾ ನಿಮಗೆ? ನಡುಗುವ ಕೈಯಲ್ಲಿ ಒಲೆ ಹತ್ರ ಹೋಗ್ಬೇಡಿ ಅಂತ ಎಷ್ಟು ಸಲ ಹೇಳುದು?" ಎಂದು ದಣಿದ ಕಾಲಿನ ಸಿಟ್ಟನ್ನೆಲ್ಲ ಅವನ ಮೇಲೆ ಸುರಿದಳು. "ಚಳಿ ಆಯ್ತು" ಎಂದ ಅವನು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಚಳಿ! ಅವಳು ಮುಂದೆ ಕೇಳಲಿಲ್ಲ. ಈಚೆಗೆ ಅವನು ಕೆಲವು ಸಲ ಕನಸಿನಲ್ಲಿ ಆದದ್ದನ್ನು ನಿಜವಾಗಿ ಆದದ್ದೆಂದು ಹೇಳುತ್ತಾನೆ. ಸಂಕ್ರಾಂತಿಯ ಮಾರನೆಯ ದಿನ, ಮಾವ ಬಂದು ಜಗಲಿಯಲ್ಲಿ ಕೂತು ಹೋದರು, ನೀನು ನೀರು ಕೊಡಲಿಲ್ಲ ಎಂದಿದ್ದ. ಆ ಸೋದರಮಾವ ಹೋಗಿ ಮೂವತ್ತೆರಡು ವರ್ಷ. ಆಮೇಲೆ ತಾನೇ ತಪ್ಪು ತಿಳಿದು, ತಲೆ ಕೆರೆದುಕೊಂಡಿದ್ದ.

ಮಧ್ಯಾಹ್ನದ ಗಂಜಿಯಾಯಿತು. ಪುರಂದರ ಮೂರು ಗಂಟೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದ. ಉಗ್ಗಪ್ಪ ತಾನಾಗಿಯೇ ತಲೆಗೆ ಎಣ್ಣೆ ಹಚ್ಚಿಕೊಂಡು ಬಾವಿಗೆ ಸ್ನಾನಕ್ಕೆ ಹೋದ. ಹೋಗುವಾಗ ಅವನ ನಡಿಗೆಯಲ್ಲಿ ಏನೋ ಒಂದು ಗೆಲುವಿತ್ತು, ಅಕ್ಕು ಅದನ್ನು ಕಂಡು ಸಮಾಧಾನಪಟ್ಟಳು. ಅತಿಥಿಗಳಿಗೆ ಕೊಡಲು ಬೆಲ್ಲ ಒಡೆದಿಟ್ಟಳು, ಒಲೆಗೆ ನೀರಿಟ್ಟಳು. ಬಾಣಗಳನ್ನು ಬಾಳೆನಾರಿನಲ್ಲಿ ಕಟ್ಟೋಣವೆಂದು ಜಗಲಿಯಿಂದ ಒಳಗೆ ತಂದು ಒಲೆಯ ಬೆಳಕಿನಲ್ಲಿ ಒಂದೊಂದಾಗಿ ಎಣಿಸಿದಳು. ಹತ್ತು.

ಮತ್ತೆ ಎಣಿಸಿದಳು. ಹತ್ತೇ. ಎಂಟನೆಯದಾಗಿ ಕೈಗೆ ಬಂದದ್ದನ್ನು ಒಲೆಯ ಹತ್ತಿರ ಹಿಡಿದಳು. ಮೇಣ ಗರಿಯ ಅಡಿಯಿಂದ ಉಕ್ಕಿ ಕೋಲಿನ ಮೇಲೆಲ್ಲ ಹರಡಿ ಕರಿಗಟ್ಟಿತ್ತು. ನೂಲು ಒಂದೆಡೆ ರಾಶಿ ಬಿದ್ದು ಇನ್ನೊಂದೆಡೆ ಬೆರಳಗಲ ಬಿಟ್ಟು ಓಡಿತ್ತು. ಎರಡು ಗರಿ ಎಡದ್ದು, ಒಂದು ಬಲದ್ದು, ಒಂಟಿ ಗರಿ ಓರೆಯಾಗಿ ಮಲಗಿಬಿಟ್ಟಿತ್ತು. ಮೊನೆಯ ಕಬ್ಬಿಣಕ್ಕೆ ಹಳೆಯ ತುಕ್ಕು. ಅಟ್ಟದಲ್ಲಿದ್ದ ಹೋದ ವರ್ಷದ ಶನಿ! ಕನಸೋ ನನಸೋ ಗೊತ್ತಾಗದೆ ಇವರೇ ಇಳಿಸಿ ಇದರಲ್ಲಿ ಸೇರಿಸಿದ್ದಾರೆ. ಅಯ್ಯೋ ದೇವರೇ, ಇದು ಪುರಂದರನ ಕಣ್ಣಿಗೆ ಬಿದ್ದಿದ್ದರೆ? ನಾಲ್ಕು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗುತ್ತಿತ್ತು. ಬಾವಿಕಟ್ಟೆಯ ನಗು, ನಾಯಿಯ ತೊಡೆ, 'ನಿಮಗೆ ಯಾಕೆ ಸುಮ್ಮನೆ ಕಷ್ಟ' ಎಂದ ಆ ಮೆತ್ತನೆಯ ಸ್ವರ ಎಲ್ಲ ಒಟ್ಟಿಗೆ ನೆತ್ತಿಗೇರಿ, ಅವಳು ಆ ಬಾಣವನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದು ಒಲೆಗೆ ತುರುಕಿದಳು. ಗರಿ ಕೂದಲು ಸುಟ್ಟ ನಾತ ಹೊಡೆದು ಒಂದೇ ಕ್ಷಣಕ್ಕೆ ಮುದುಡಿತು. ಆಗ, ಸುರುಳಿ ಬಿಚ್ಚಿ ಮೇಲೆದ್ದ ನೂಲಿನ ತುದಿ ಕಂಡಿತು. ಕೆಂಪಾಗಿತ್ತು. ಬಲೆಯ ನೂಲಿಗೆ ಕೆಂಪು ಎಲ್ಲಿಂದ ಬರಬೇಕು? ಎಲೆಯಡಿಕೆ ಹಾಕಿದ ಬಾಯಲ್ಲಿ ನೂಲು ಕಚ್ಚಿ ತುಂಡರಿಸುವವನು ಈ ಮನೆಯಲ್ಲಿ ಒಬ್ಬನೇ. ಮತ್ತೆ ಅದು ಬಲೆಯ ನೂಲು. ಮರಿಯುಮ್ಮನಿಂದ ಬಲೆಯ ನೂಲು ಈ ಮನೆಗೆ ಮೊದಲು ಬಂದದ್ದೇ ಈ ದೀಪಾವಳಿಗೆ. ಹೋದ ವರ್ಷ ಕಟ್ಟಿದ್ದು ಅಂಗಡಿಯ ಬಿಳಿ ನೂಲಿನಲ್ಲಿ. ಅವಳು ಒಲೆಗೆ ಕೈ ಹಾಕಿದಳು. ಓಟೆ ಪಟ್ಟೆಂದು ಸಿಡಿದು ಕಿಡಿ ಹಾರಿತು, ಬೆರಳು ಸುಟ್ಟಿತು, ಕೈಗೆ ಏನೂ ಬರಲಿಲ್ಲ.

ಅವಳು ಒಲೆಯ ಮುಂದೆ ಕೂತಳು. ಎಲ್ಲವೂ ಈಗ ಒಂದೊಂದಾಗಿ 'ನನ್ನನ್ನು ನೋಡಲಿಲ್ಲವಲ್ಲ' ಎಂದು ಎದುರು ಬಂದು ನಿಂತವು: ಬಿಸಿ ಗಡಿಗೆ, ಚಳಿ, ಬುಧವಾರ ಅವನ ತೋರುಬೆರಳಿನಲ್ಲಿ ಎದ್ದಿದ್ದ ಬೊಕ್ಕೆ. ಕಡಲ ಬದಿಯಲ್ಲಿ ನಿಂತು ತಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದ ಆ ಗಳಿಗೆಯಲ್ಲಿ ಅವನು ಇಲ್ಲಿ ನಿಜವಾಗಿಯೂ ಬಾಣ ಕಟ್ಟುತ್ತ ಕೂತಿದ್ದ. ಬೇಟೆಗೆ ಅಲ್ಲ, ಅಷ್ಟು ಬುದ್ಧಿ ಅವನಿಗೆ ಉಂಟು. ಹಾರಬೇಕಾಗಿಲ್ಲದ ಒಂದೇ ಒಂದು ಬಾಣ, ದೈವದ ಮುಂದೆ ಮಲಗಿ ಗೆದ್ದಲಿಗೆ ಹೋಗುವ ಬಾಣ, ಅದು ಹೇಗಿದ್ದರೂ ನಡೆಯುತ್ತದೆ. 'ಈ ಕೈಯಲ್ಲಿ ಆದದ್ದು' ಎಂದು ಸುಳ್ಳಿಲ್ಲದೆ ಹೇಳಲಿಕ್ಕೆ ಅಷ್ಟು ಸಾಕಿತ್ತು. ಉಳಿದಿದ್ದ ಬಿಡಿ ಗರಿ ಹೆಕ್ಕಿಕೊಂಡು ಎಷ್ಟು ಗಂಟೆ ಕೂತನೋ, ಎಷ್ಟು ಸಲ ಬಿಚ್ಚಿ ಕಟ್ಟಿದನೋ. ಬಲರೆಕ್ಕೆ ಎಡರೆಕ್ಕೆ ಎಂದು ಅವಳಿಗೆ ನೂರು ಸಲ ಹೇಳಿಕೊಟ್ಟವನ ಕಣ್ಣಿಗೆ ತನ್ನ ಕೈಯಲ್ಲಿದ್ದ ಗರಿ ಯಾವ ಬದಿಯದೆಂದು ಕಾಣಲಿಲ್ಲ. ಈಗ ಇನ್ನೊಂದು ಕಟ್ಟಲು ಹೊತ್ತಿಲ್ಲ, ನಾಳೆ ಕತ್ತಿ ಹಿಡಿಯುವ ಹಾಗಿಲ್ಲ. ಓಡಿಹೋಗಿ ಬಾವಿಯ ಹತ್ತಿರವೇ ಹೇಳಿಬಿಡಬೇಕು ಎಂದು ಎದ್ದಳು. ಅಂಗಳದಲ್ಲಿ ಆಗಲೇ ಪುರಂದರನ ಕೆಮ್ಮು ಕೇಳಿಸಿತು.

ಅವನ ಜೊತೆ ಮಂಜ ಬಂದಿದ್ದ, ಬಿಲ್ಲು ಹೊರುವವನು. ಅಕ್ಕು ಬೆಲ್ಲ ನೀರು ಇಟ್ಟಳು. ಸುಟ್ಟ ಬೆರಳನ್ನು ಸೆರಗಿನಲ್ಲಿ ಮುಚ್ಚಿ, ಒಂಬತ್ತು ಬಾಣಗಳನ್ನು ಗೆರಸೆಯಲ್ಲಿಟ್ಟು ತಂದು, ಬಾವಿಯಿಂದ ಬಂದು ಕೂತಿದ್ದ ಗಂಡನ ಮುಂದೆ ಇಟ್ಟು, ಬಾಗಿಲ ಹಿಂದೆ ಸರಿದು ನಿಂತಳು. ಉಗ್ಗಪ್ಪ ಒಗೆದ ಮುಂಡು ಉಟ್ಟಿದ್ದ, ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಪುರಂದರ ಒಂದು ಬಾಣ ಎತ್ತಿ, ಕಣ್ಣಿಗೆ ನೇರ ಹಿಡಿದು, ಮಂಜನಿಗೆ ದಾಟಿಸಿ, ಇನ್ನೊಂದು ಎತ್ತಿದ. "ನೋಡು ಮಂಜ, ಕೈ ಅಂದ್ರೆ ಇದು. ನಮ್ಮ ಉಗ್ಗಪ್ಪಣ್ಣನ ಕೈ ಎಲ್ಲಿ ಹೋಗ್ತದೆ! ಹೋದ ವರ್ಷ ಎಂತದೋ ಗ್ರಹಚಾರ" ಎಂದ. ಅವಳು ನಾಲ್ಕು ತಿಂಗಳು ಕಾದಿದ್ದ ಮಾತು ಅದು. ಬಾಗಿಲ ಹಿಂದೆ ನಿಂತು ಕೇಳಿದಾಗ, ಒಮ್ಮೆ ಬೇಗ ಎದ್ದು ಹೋಗಬಾರದೇ ಇವರು ಎಂದಷ್ಟೇ ಅನಿಸಿತು.

"ದೈವದ್ದು ಯಾವುದು?" ಎಂದ ಪುರಂದರ.

ಉಗ್ಗಪ್ಪ ತೊಡೆಯ ಅಡಿಯಿಂದ ಕೈಗಳನ್ನು ತೆಗೆದ. ಇಬ್ಬರು ಗಂಡಸರ ಮುಂದೆ, ಹಗಲಿನ ಬೆಳಕಿನಲ್ಲಿ, ಅಡಗಿಸದೆ ತೆಗೆದ. ಎರಡು ವರ್ಷದಲ್ಲಿ ಅವನು ಹಾಗೆ ಮಾಡಿದ್ದೇ ಇಲ್ಲ. ಕೈಗಳು ಧಾರಾಳವಾಗಿ ನಡುಗಿದವು, ಅವನಿಗೆ ಅದರ ಪರಿವೆ ಇರಲಿಲ್ಲ. ಬಾಣಗಳನ್ನು ಒಂದೊಂದಾಗಿ ಬದಿಗೆ ಸರಿಸಿದ. ಒಂಬತ್ತೂ ಆಯಿತು. ಮತ್ತೆ ಮೊದಲಿಂದ ಸರಿಸಿದ. ಗೆರಸೆಯನ್ನು ಎತ್ತಿ ಅದರ ಅಡಿಯಲ್ಲಿ ನೋಡಿದ. ಪುರಂದರ ಮೆಲ್ಲಗೆ ಮುಖ ತಿರುಗಿಸಿ ಅಂಗಳದ ಹಲಸಿನ ಮರ ನೋಡತೊಡಗಿದ, "ಈ ಸಲ ಗುಜ್ಜೆ ಒಳ್ಳೇದುಂಟು" ಎಂದ. ಮಂಜ ಮಾತ್ರ ಆ ಕೈಗಳನ್ನೇ ನೋಡುತ್ತಿದ್ದ. ಉಗ್ಗಪ್ಪ ತಲೆಯೆತ್ತಿ ಬಾಗಿಲಿನ ಕಡೆ ನೋಡಿದ. ಸಂತೆಯಲ್ಲಿ ಕೈ ಬಿಟ್ಟುಹೋದವನ ಹಾಗಿತ್ತು ಆ ನೋಟ. ಅಕ್ಕು ನೆಲ ನೋಡಿದಳು. ಆಮೇಲೆ ಅವನು ಯಾವುದೋ ಒಂದನ್ನು, ತೀರ ಹತ್ತಿರ ಇದ್ದದ್ದನ್ನು, ಎತ್ತಿ ಎರಡೂ ಕೈಯಲ್ಲಿ ಹಿಡಿದ. ಪುರಂದರ ಎದ್ದು ಕೈ ಒಡ್ಡಿದ.

"ಈ..." ಎಂದ ಉಗ್ಗಪ್ಪ. ಕೈಯಲ್ಲಿದ್ದ ಬಾಣ ನೋಡಿದ. "ಈ ಮನೆಯಲ್ಲಿ ಆದದ್ದು, ಒಪ್ಪಿಸಿಕೊಳ್ಳಬೇಕು."

ಮಂಜನ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಪುರಂದರ ಗಮನಿಸಲಿಲ್ಲ, ಬಾಣವನ್ನು ಹಣೆಗೆ ಮುಟ್ಟಿಸಿಕೊಂಡ. ಇಬ್ಬರೂ ಬೇಲಿಯ ದಣಪೆ ದಾಟಿ ಗುಡ್ಡೆಯ ದಾರಿ ಹಿಡಿದರು.

ಉಗ್ಗಪ್ಪ ಬಹಳ ಹೊತ್ತು ಅಲ್ಲೇ ಕೂತಿದ್ದ. ಬಿಸಿಲು ಅಂಗಳದ ಅಂಚಿಗೆ ಹೋಯಿತು. ಅಕ್ಕು ಲೋಟ ಎತ್ತಲು ಬಂದವಳು ಎತ್ತದೆ ನಿಂತಳು.

"ಹತ್ತು ಇರ್ಲಿಲ್ವಾ ಅಕ್ಕು?"

"ಒಂಬತ್ತೇ ಇದ್ದದ್ದು." ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತು.

"ಒಂಬತ್ತೇ?" ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ತೋರುಬೆರಳಿನ ಬೊಕ್ಕೆ ಒಡೆದು ಒಣಗಿತ್ತು. "ಹಾಗಾದ್ರೆ ಅದೂ ಕನಸು. ನಾನು ಒಂದು ಕಟ್ಟಿದ್ದೆ ಅಂತ ಇತ್ತು ಮನಸ್ಸಲ್ಲಿ. ನೀನು ಕಡಲಿಗೆ ಹೋದ ದಿನ. ಇವತ್ತು ಬೆಳಿಗ್ಗೆ ಅದ್ರಲ್ಲಿ ಸೇರಿಸಿ ಇಟ್ಟೆ ಅಂತಲೂ ಇತ್ತು." ಸಣ್ಣಗೆ ನಕ್ಕ. "ಮೊದಲು ಕೈ ಹೋಯ್ತು. ಈಗ ತಲೆ. ಇನ್ನು ಎಂತ ಉಳೀತು?"

ಅಕ್ಕು ಅವನ ಎದುರು ಕೂತಳು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಹಗಲಿನಲ್ಲಿ ಜಗಲಿಯ ಮೇಲೆ ಅವನ ಕೈ ಹಿಡಿದವಳಲ್ಲ, ಈಗ ಹಿಡಿದಳು. "ಕನಸಲ್ಲ. ಇತ್ತು. ಹತ್ತು ಇತ್ತು. ನೀವು ಕಟ್ಟಿದ್ದು ಅಂತ ಗೊತ್ತಾಗದೆ ನಾನು ಒಲೆಗೆ ಹಾಕಿದೆ. ಅಟ್ಟದ ಮೇಲಿದ್ದ ಹಳತು ಅಂತ ಎಣಿಸಿದೆ. ನಾನು ಪಾಪಿ. ನಾನು ಸುಟ್ಟೆ ಅದನ್ನು."

ಅವನು ಅವಳ ಮುಖ ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟು ಬರಲಿ, ಬೈಯಲಿ, ಒಂದು ಪೆಟ್ಟು ಕೊಡಲಿ ಎಂದು ಅವಳು ಕಾದಳು. ಬಂದದ್ದು ಕರುಣೆ.

"ಬಿಡು ಮಾರಾಯ್ತಿ. ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿ ನೀನು. ಈ ವರ್ಷ ಪೂರ್ತಿ ನನಗೋಸ್ಕರ ಊರಿಗೆಲ್ಲ ಸುಳ್ಳು ಹೇಳಿದ್ದೀ, ನನಗೆ ಗೊತ್ತಿಲ್ವಾ?"

"ಇಲ್ಲ, ನನ್ನಾಣೆ, ಇದು ಸುಳ್ಳಲ್ಲ. ನಿಲ್ಲಿ." ಅವಳು ಒಳಗೆ ಓಡಿದಳು. ಬೂದಿ ಕೆದಕಿ, ಬಿಸಿಯಿದ್ದ ಕಬ್ಬಿಣದ ಮೊನೆಯನ್ನು ಇಕ್ಕುಳದಲ್ಲಿ ಹಿಡಿದು ತಂದು ಅವನ ಮುಂದೆ ನೆಲದ ಮೇಲೆ ಇಟ್ಟಳು. "ನೋಡಿ. ಇದು ಅದರದ್ದು."

ಉಗ್ಗಪ್ಪ ಬಗ್ಗಿ ನೋಡಿದ. "ಇದು ಹೋದ ವರ್ಷದ್ದರ ಮೊನೆ. ಆ ನಾಲ್ಕರಲ್ಲಿ ಒಂದನ್ನು ಸುಟ್ಟಿದ್ದೀ ನೀನು. ಒಳ್ಳೇದಾಯ್ತು" ಎಂದ.

"ನೀವು ಅದನ್ನೇ ಬಿಚ್ಚಿ ಹೊಸ ಕೋಲಿಗೆ ಹಾಕಿದ್ದು. ಕೋಲು ಹೊಸತು, ನೂಲು ಹೊಸತು. ತುದಿಯಲ್ಲಿ ನಿಮ್ಮ ಎಲೆಯಡಿಕೆಯ ಕೆಂಪಿತ್ತು. ನಾನು ಕಂಡೆ."

ಅವನು ಮೊನೆಯನ್ನೇ ನೋಡುತ್ತ ಕೂತ. ಏನೋ ನಂಬಲು ಹೊರಟವನ ಹಾಗೆ ಅವನ ಮುಖ ಸ್ವಲ್ಪ ಬಿಚ್ಚಿಕೊಂಡಿತು. ಕೈಗಳು ಮಡಿಲಿನಲ್ಲೇ ಬಿದ್ದಿದ್ದವು. ಆಮೇಲೆ, ಕೇಳಬೇಕೋ ಬೇಡವೋ ಎಂಬ ಹಾಗೆ, ತೀರ ತಗ್ಗಿದ ಸ್ವರದಲ್ಲಿ ಕೇಳಿದ:

"ಹೌದಾ? ಹೇಗೆ ಕೂತಿತ್ತು ಗರಿ? ನೇರ ಇತ್ತಾ?"

ಕರಕಾದ ಮೇಣ, ರಾಶಿಬಿದ್ದ ನೂಲು, ಓರೆಯಾಗಿ ಮಲಗಿದ್ದ ಒಂಟಿ ಗರಿ ಎಲ್ಲ ಅವಳ ಕಣ್ಣ ಮುಂದೆ ಇತ್ತು. ಅಷ್ಟನ್ನೂ ಹೇಳಿದರೆ ಅವನು ನಂಬುತ್ತಾನೆ. ಅವಳು ಬಾಯಿ ತೆರೆದಳು. ಇವತ್ತಿಗೆ ಇವನಿಗೆ ಆದದ್ದು ಸಾಲದೆ? ಇನ್ನೂ ಅದೊಂದನ್ನು ನನ್ನ ಬಾಯಿಂದಲೇ ಕೇಳಬೇಕೆ?

"ನೇರ ಇತ್ತು" ಎಂದಳು. "ಮೂರೂ ನೇರ ಕೂತಿತ್ತು."

ಉಗ್ಗಪ್ಪ ತಲೆಯಾಡಿಸಿದ. ಕೈಗಳನ್ನು ಎತ್ತಿ ಮತ್ತೆ ತೊಡೆಯ ಅಡಿಗೆ ಸೇರಿಸಿಕೊಂಡ.

"ಹಾಗಾದ್ರೆ ಅದು ನಾನು ಕಟ್ಟಿದ್ದಲ್ಲ ಅಕ್ಕು" ಎಂದ.